ಅಜ್ಜಿ ಬಚ್ಚಿಟ್ಟ ಹೆಸರನ್ನು ಹುಡುಕುವ ಬಗೆ

ಜರ್ಮನಿಯ ಯಾವುದೋ ಊರಿನ ಹಳೆಯ ಜನನ ನೋಂದಣಿ ಪುಸ್ತಕದ ಒಂದು ಹಾಳೆಯನ್ನು ಊಹಿಸಿಕೊಳ್ಳಿ. ಹಾಳೆಯ ನಡುವೆ 1908ರಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರು, ತಂದೆಯ ಕಸುಬು, ತಾಯಿಯ ತವರಿನ ಹೆಸರು, ಇಬ್ಬರ ಧರ್ಮ ಎಲ್ಲವೂ ಗುಮಾಸ್ತನ ಓರೆಯಕ್ಷರದಲ್ಲಿವೆ. ಅಂಚಿನಲ್ಲಿ, ಮೂವತ್ತು ವರ್ಷ ಕಳೆದ ಮೇಲೆ, ಬೇರೆ ಕೈ ಬೇರೆ ಶಾಯಿಯಲ್ಲಿ ಬರೆದ ಸಣ್ಣ ಟಿಪ್ಪಣಿಯೊಂದಿದೆ: 1938ರ ಆಗಸ್ಟ್ 17ರ ಆದೇಶದ ಪ್ರಕಾರ ಈಕೆಗೆ 'ಸಾರಾ' ಎಂಬ ಹೆಸರು ಸೇರಿದೆ. ಅದರ ಕೆಳಗೆ, ಯುದ್ಧ ಮುಗಿದ ಮೇಲಿನ ಇನ್ನೊಂದು ಟಿಪ್ಪಣಿ: ಮೇಲಿನದು ರದ್ದಾಗಿದೆ. ಈ ಎರಡು ಟಿಪ್ಪಣಿಗಳ ನಡುವಿನ ವರ್ಷಗಳಲ್ಲಿ ಆ ಹೆಣ್ಣುಮಗಳು ಎಲ್ಲಿದ್ದಳು, ಹೇಗೆ ಪಾರಾದಳು, ಆಮೇಲೆ ಯಾಕೆ ಬಾಯಿ ಬಿಡಲಿಲ್ಲ ಎಂದು ಮೊಮ್ಮಕ್ಕಳು ಕೇಳತೊಡಗುವ ಹೊತ್ತಿಗೆ ಹೇಳಬೇಕಾದವರು ಸಾಮಾನ್ಯವಾಗಿ ಇರುವುದಿಲ್ಲ.

ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ ಸೇರಿದ ಯಹೂದಿ ಕುಟುಂಬಗಳಲ್ಲಿ ಹಲವು ತಮ್ಮ ಮೂಲವನ್ನು ಮಕ್ಕಳಿಗೂ ಹೇಳಲಿಲ್ಲ. ಅಂಥ ಮನೆಗಳಿಗೆ ಸೊಸೆಯಾಗಿಯೋ ಅಳಿಯನಾಗಿಯೋ ಹೋದ ಕನ್ನಡಿಗರು ಈಗ ಅಲ್ಲಲ್ಲಿ ಸಿಗುತ್ತಾರೆ. ನಾನು ಈ ಕೆಲಸಕ್ಕೆ ಕೈಹಾಕಿದ್ದು ಅಂಥ ಒಬ್ಬ ಗೆಳತಿ, ತೀರಿಕೊಂಡ ಅತ್ತೆಯ ತಗಡಿನ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಫೋನು ಮಾಡಿದ ದಿನ. ಅಂದಿನಿಂದ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಬಚ್ಚಿಟ್ಟವರು ಮನೆಯವರಿಂದ ಬಚ್ಚಿಟ್ಟರೇ ಹೊರತು ಸರ್ಕಾರಿ ಕಚೇರಿಗಳಿಂದ ಬಚ್ಚಿಡಲು ಅವರಿಗೆ ಸಾಧ್ಯವಾಗಿರಲಿಲ್ಲ. ಹಿಂಸಿಸಿದ ಆಡಳಿತವೂ ಆಶ್ರಯ ಕೊಟ್ಟ ಆಡಳಿತವೂ ಅವರಿಂದ ಅರ್ಜಿಯ ಮೇಲೆ ಅರ್ಜಿ ಬರೆಸಿಕೊಂಡಿದ್ದವು. ಆ ಅರ್ಜಿಗಳಲ್ಲಿ ಬಹಳಷ್ಟು ಈಗಲೂ ಇವೆ.

ಮೌನಕ್ಕೆ ಕಾರಣಗಳು ಒಂದೇ ಬಗೆಯವಲ್ಲ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್ 1937ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು. ತಂದೆತಾಯಿ ಲಂಡನ್ನಿಗೆ ಬಂದ ಮೇಲೆ 1941ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದರು. ತಮ್ಮ ಅಜ್ಜ ಅಜ್ಜಿಯರಲ್ಲಿ ಮೂವರು ನಾಜಿಗಳ ನರಮೇಧದಲ್ಲಿ ಸತ್ತರೆಂಬುದು ಆಲ್‌ಬ್ರೈಟ್ ಅವರಿಗೆ ತಿಳಿದದ್ದು 1997ರಲ್ಲಿ, ಪತ್ರಿಕೆಯವರು ಹುಡುಕಿ ತೆಗೆದಾಗ. ನಾಟಕಕಾರ ಟಾಮ್ ಸ್ಟಾಪರ್ಡ್ ಅವರ ಕಥೆ ನಮ್ಮ ನೆಲವನ್ನೇ ಹಾದುಹೋಗುತ್ತದೆ. ಚೆಕ್ ದೇಶದ ಜ್ಲೀನ್‌ನಲ್ಲಿ 1937ರಲ್ಲಿ ತೊಮಾಶ್ ಸ್ಟ್ರಾಯ್ಸ್ಲರ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ಹುಡುಗನ ತಂದೆ ಬಾಟಾ ಕಂಪನಿಯ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ಕಂಪನಿ ತನ್ನ ಯಹೂದಿ ನೌಕರರನ್ನು ಹೊರದೇಶದ ಶಾಖೆಗಳಿಗೆ ಕಳಿಸಿದಾಗ ಕುಟುಂಬ ಸಿಂಗಪುರಕ್ಕೆ ಬಂತು. ಜಪಾನೀಯರ ದಾಳಿಯ ಹೊತ್ತಿನಲ್ಲಿ ತಂದೆ ಸತ್ತರು, ತಾಯಿ ಇಬ್ಬರು ಗಂಡುಮಕ್ಕಳೊಂದಿಗೆ ಭಾರತ ಸೇರಿ ಡಾರ್ಜಿಲಿಂಗ್‌ನ ಬಾಟಾ ಅಂಗಡಿಯನ್ನು ನೋಡಿಕೊಂಡರು. ಆಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬರನ್ನು ಮದುವೆಯಾದರು. 1946ರಲ್ಲಿ ಇಂಗ್ಲೆಂಡಿಗೆ ಹೋದ ಮಕ್ಕಳು ಮಲತಂದೆಯ ಹೆಸರಿನಲ್ಲಿ ಇಂಗ್ಲಿಷರಾಗಿಯೇ ಬೆಳೆದರು. ತಮ್ಮ ನಾಲ್ವರೂ ಅಜ್ಜ ಅಜ್ಜಿಯರು ಯಹೂದಿಗಳಾಗಿದ್ದರೆಂಬುದು ಸ್ಟಾಪರ್ಡ್ ಅವರಿಗೆ ತಿಳಿದದ್ದು 1990ರ ದಶಕದಲ್ಲಿ. ಮೊದಲನೆಯ ಕಥೆಯಲ್ಲಿ ಮತಾಂತರ, ಎರಡನೆಯದರಲ್ಲಿ ಮರುಮದುವೆ. ಹುಡುಕಾಟ ಶುರುಮಾಡುವವರು ಈ ಎರಡರ ಗುರುತುಗಳನ್ನೇ ಮೊದಲು ನೋಡಬೇಕು.

ಮೊದಲ ಹೆಜ್ಜೆ: ಮನೆಯೊಳಗೆ

ಪತ್ರಾಗಾರಗಳಿಗೆ ಬರೆಯುವ ಮುಂಚೆ ಮನೆಯನ್ನೇ ಜಾಲಾಡಿ. ಪ್ರಾಯಕ್ಕೆ ಬಂದವರು ಕ್ರೈಸ್ತ ಮತಕ್ಕೆ ಸೇರಿದ ಜ್ಞಾನಸ್ನಾನದ ಪ್ರಮಾಣಪತ್ರ, ಅದರಲ್ಲೂ 1933ರಿಂದ 1942ರ ನಡುವಿನ ತಾರೀಖಿನದು, ದೊಡ್ಡ ಸುಳಿವು. ಫೋಟೊಗಳ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರೂ ಊರೂ ಅಚ್ಚಾಗಿರುತ್ತವೆ. ಪಾಸ್‌ಪೋರ್ಟ್ ಉಳಿದಿದ್ದರೆ ಕೆಂಪು ಶಾಯಿಯ 'ಜೆ' ಮೊಹರು ಇದೆಯೇ ನೋಡಿ. 1938ರ ಅಕ್ಟೋಬರ್ 5ರ ಆದೇಶದಿಂದ ಜರ್ಮನ್ ಯಹೂದಿಗಳ ಪಾಸ್‌ಪೋರ್ಟುಗಳಿಗೆ ಅದನ್ನು ಹಾಕತೊಡಗಿದರು. 1939ರ ಜನವರಿ 1ರಿಂದ ಯಹೂದಿ ಗಂಡಸರು ತಮ್ಮ ಹೆಸರಿಗೆ 'ಇಸ್ರೇಲ್' ಎಂದೂ ಹೆಂಗಸರು 'ಸಾರಾ' ಎಂದೂ ಸೇರಿಸಿಕೊಳ್ಳಬೇಕಾಗಿತ್ತು. ಆದರೆ ಮೊದಲೇ ಸರ್ಕಾರದ ಪಟ್ಟಿಯಲ್ಲಿದ್ದ 'ಯಹೂದಿ' ಹೆಸರು ಇಟ್ಟುಕೊಂಡವರಿಗೆ ಇದು ಅನ್ವಯಿಸುತ್ತಿರಲಿಲ್ಲವಾದ್ದರಿಂದ, ಈ ಹೆಸರು ಇಲ್ಲದ ಮಾತ್ರಕ್ಕೆ ಕೈಬಿಡಬೇಡಿ.

ಗೆಳತಿಯ ಪೆಟ್ಟಿಗೆಯಲ್ಲಿ ನಮಗೆ ಸಿಕ್ಕಿದ್ದು ರೆಡ್ ಕ್ರಾಸ್‌ನ ಒಂದು ನಮೂನೆ. ಯುದ್ಧದ ಕಾಲದಲ್ಲಿ ಶತ್ರುದೇಶಗಳ ನಡುವೆ ಸಾಮಾನ್ಯ ಅಂಚೆ ನಿಂತಿದ್ದರಿಂದ ರೆಡ್ ಕ್ರಾಸ್ ಮೂಲಕ ಇಪ್ಪತ್ತೈದು ಪದಗಳ ಸಂದೇಶ ಕಳಿಸಬಹುದಾಗಿತ್ತು. ಉತ್ತರವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದರು. ನಾವು ಮೊದಲು ಆ ಇಪ್ಪತ್ತೈದು ಪದಗಳಿಗೇ ಕಣ್ಣೀರಿಟ್ಟು ಸುಮ್ಮನಾದೆವು. ಕೆಲಸಕ್ಕೆ ಬಂದದ್ದು ಅದರ ಮೇಲಿದ್ದ ವಿಳಾಸ, ಹುಟ್ಟಿದ ತಾರೀಖು ಮತ್ತು ಮೊಹರಿನ ದಿನಾಂಕ. ಇಂಥ ಹಾಳೆ ಸಿಕ್ಕರೆ ಎರಡೂ ಬದಿಯ ಪ್ರತಿ ಮೊಹರನ್ನೂ ಬೇರೆ ಬೇರೆಯಾಗಿ ಫೋಟೊ ತೆಗೆದಿಟ್ಟುಕೊಳ್ಳಿ.

ಹಿರಿಯರನ್ನು ಕೇಳುವಾಗ 'ನೀವು ಯಹೂದಿಗಳಾ' ಎಂದು ನೇರವಾಗಿ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುವುದೇ ಹೆಚ್ಚು. ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚುತ್ತಿದ್ದರೇ, ಹಂದಿಮಾಂಸ ಯಾಕೆ ತಿನ್ನುತ್ತಿರಲಿಲ್ಲ, ವರ್ಷದಲ್ಲೊಂದು ದಿನ ಒಂದೇ ದೀಪವನ್ನು ಇಪ್ಪತ್ನಾಲ್ಕು ಗಂಟೆ ಉರಿಸುತ್ತಿದ್ದರೇ, ಯಾವ ಪದಗಳನ್ನು ಮಕ್ಕಳ ಮುಂದೆ ಆಡುತ್ತಿರಲಿಲ್ಲ ಎಂದು ಕೇಳಿ. ಅಡುಗೆಮನೆಯ ನೆನಪು ಧರ್ಮದ ನೆನಪಿಗಿಂತ ನಿರ್ಭೀತವಾಗಿ ಹೊರಬರುತ್ತದೆ.

ಎರಡನೆಯ ಹೆಜ್ಜೆ: ಹೆಸರು, ಊರು, ತಾರೀಖು

ಮುಂದಿನ ಎಲ್ಲ ಅರ್ಜಿಗಳಿಗೂ ಮೂರು ವಿವರ ಬೇಕು: ಹುಟ್ಟುಹೆಸರು, ಹುಟ್ಟೂರು, ಹುಟ್ಟಿದ ತಾರೀಖು. ಮೂರರಲ್ಲಿ ತಾರೀಖು ಹೆಚ್ಚು ನಂಬಿಕಸ್ಥ, ಏಕೆಂದರೆ ಹೆಸರು ಬದಲಿಸಿಕೊಂಡವರೂ ತಾರೀಖನ್ನು ಸಾಮಾನ್ಯವಾಗಿ ಬದಲಿಸುತ್ತಿರಲಿಲ್ಲ. ಊರಿನ ಹೆಸರಂತೂ ಮೋಸಗಾರ. ಅಜ್ಜಿ ಹೇಳುತ್ತಿದ್ದ ಬ್ರೆಸ್ಲಾವ್ ಇಂದು ಪೋಲೆಂಡಿನ ವ್ರೊತ್ಸ್ವಾಫ್, ಲೆಂಬೆರ್ಗ್ ಉಕ್ರೇನಿನ ಲ್ವಿವ್, ಬ್ರ್ಯೂನ್ ಚೆಕ್ ದೇಶದ ಬರ್ನೊ, ಪ್ರೆಸ್‌ಬುರ್ಗ್ ಸ್ಲೊವಾಕಿಯದ ಬ್ರಾತಿಸ್ಲಾವಾ. ಮರ್ಕೇರಾ ಎಂದು ಹುಡುಕಿದವನಿಗೆ ಮಡಿಕೇರಿಯ ಕಡತ ಸಿಗದಂತೆ ಇಲ್ಲಿಯೂ ಆಗುತ್ತದೆ. ಇವತ್ತಿನ ಹೆಸರನ್ನೂ ಇವತ್ತಿನ ದೇಶವನ್ನೂ ಗೊತ್ತುಮಾಡಿಕೊಂಡೇ ಮುಂದಕ್ಕೆ ಹೋಗಿ.

ಹಳೆಯ ಜರ್ಮನ್ ಕೈಬರಹ ಕುರೆಂಟ್ ಇನ್ನೊಂದು ತೊಡಕು. ಅದರಲ್ಲಿ 'ಇ' ಅಕ್ಷರ ನಮ್ಮ ಕಣ್ಣಿಗೆ 'ಎನ್' ಆಗಿ ಕಾಣುತ್ತದೆ. ಊರಿನ ಹೆಸರಿನ ಒಂದು 'ಇ'ಯನ್ನು ಹೀಗೆ ಓದಿ, ಭೂಮಿಯ ಮೇಲೇ ಇಲ್ಲದ ಊರಿನ ದಾಖಲೆಗಾಗಿ ನಾನು ನಾಲ್ಕು ತಿಂಗಳು ಕಾದದ್ದುಂಟು. ವರ್ಣಮಾಲೆಯ ಒಂದು ಪಟವನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಬರಹಗಾರ ಬರೆದ ಗೊತ್ತಿರುವ ಪದವೊಂದರ ಜೊತೆ ಹೋಲಿಸಿ ಓದುವುದು ಒಳ್ಳೆಯದು.

ಯಹೂದಿ ಸ್ಮಶಾನದ ಸಮಾಧಿಕಲ್ಲು ಸಿಕ್ಕರೆ ಅದೃಷ್ಟವೆನ್ನಬೇಕು, ಏಕೆಂದರೆ ಹೀಬ್ರೂ ಬರಹದಲ್ಲಿ ಸತ್ತವರ ಹೆಸರಿನ ಜೊತೆಗೆ ತಂದೆಯ ಹೆಸರೂ ಇರುವುದು ವಾಡಿಕೆ; ಒಂದು ಕಲ್ಲು ಎರಡು ತಲೆಮಾರನ್ನು ಕೊಡುತ್ತದೆ. ಕಲ್ಲಿನ ಮೇಲೆ ಹೀಬ್ರೂ ವರ್ಷದ ಸಾವಿರದ ಸ್ಥಾನವನ್ನು ಬಿಟ್ಟು ಬರೆದಿರುವುದುಂಟು. ಉಳಿದ ಸಂಖ್ಯೆಗೆ 1240 ಕೂಡಿಸಿದರೆ ಕ್ರಿಸ್ತಶಕದ ವರ್ಷ ಹೆಚ್ಚುಕಡಿಮೆ ಸಿಗುತ್ತದೆ: 699 ಎಂದಿದ್ದರೆ 1939. ಹೀಬ್ರೂ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದರಿಂದ ಅದು 1938ರ ಕೊನೆಯ ತಿಂಗಳುಗಳೂ ಆಗಿರಬಹುದು.

ಮೂರನೆಯ ಹೆಜ್ಜೆ: ಬಂದು ಸೇರಿದ ದೇಶದಿಂದ ಹಿಂದಕ್ಕೆ

ಹೊಸಬರು ನೇರವಾಗಿ ವಿಯೆನ್ನಾಕ್ಕೋ ಬರ್ಲಿನ್ನಿಗೋ ಬರೆದುಬಿಡುತ್ತಾರೆ. ಅದಕ್ಕಿಂತ, ಕುಟುಂಬ ಬಂದು ನೆಲೆಸಿದ ದೇಶದಿಂದ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗುವುದು ವಾಸಿ. ಪೌರತ್ವಕ್ಕಾಗಿ ಸಲ್ಲಿಸಿದ ಅರ್ಜಿಯಲ್ಲಿ ಹುಟ್ಟೂರು, ಹಳೆಯ ಹೆಸರು, ಬಂದ ತಾರೀಖು ಇರುತ್ತವೆ. ಬ್ರಿಟನ್ನಿನಲ್ಲಿ ಪೌರತ್ವ ಪಡೆದವರ ಹೆಸರುಗಳು ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಿವೆ, ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1940ರ ಬೇಸಿಗೆಯಲ್ಲಿ ಬ್ರಿಟಿಷ್ ಸರ್ಕಾರ ನಿರಾಶ್ರಿತರನ್ನೂ ಸೇರಿಸಿ ಜರ್ಮನ್ ಮತ್ತು ಆಸ್ಟ್ರಿಯನ್ ಪ್ರಜೆಗಳನ್ನು 'ಶತ್ರುದೇಶದವರು' ಎಂದು ಬಂಧಿಸಿ ಐಲ್ ಆಫ್ ಮ್ಯಾನ್ ಮುಂತಾದೆಡೆ ಇಟ್ಟಿತಷ್ಟೆ; ಅಂಥವರನ್ನು ವಿಚಾರಣೆ ಮಾಡಿದ ಕಾರ್ಡುಗಳೂ ಕ್ಯೂನಲ್ಲೇ ಇವೆ. ಹಿಟ್ಲರನಿಂದ ಓಡಿಬಂದವನನ್ನು ಹಿಟ್ಲರನ ಕಡೆಯವನೆಂದು ಹಿಡಿದಿಟ್ಟ ಈ ಅವಿವೇಕ ಇಂದಿನ ಹುಡುಕಾಟಗಾರನಿಗೆ ಮಾತ್ರ ಉಪಕಾರವಾಗಿದೆ.

ಅಜ್ಜಿ ಮಗುವಾಗಿದ್ದಾಗ ಒಂಟಿಯಾಗಿ ಬಂದಿದ್ದರೆ ಕಿಂಡರ್‌ಟ್ರಾನ್ಸ್‌ಪೋರ್ಟ್ ನೆನಪಿಗೆ ಬರಬೇಕು. 1938ರ ಡಿಸೆಂಬರ್ 2ರಂದು ಮೊದಲ ತಂಡ ಹಾರ್ವಿಚ್ ಬಂದರಿಗೆ ಇಳಿದಲ್ಲಿಂದ ಯುದ್ಧ ಆರಂಭವಾಗುವವರೆಗೆ ಸುಮಾರು 10,000 ಮಕ್ಕಳು ತಂದೆತಾಯಿಯರಿಲ್ಲದೆ ಬ್ರಿಟನ್ ಸೇರಿದರು. ಹಲವರನ್ನು ಕ್ರೈಸ್ತ ಕುಟುಂಬಗಳು ಸಾಕಿದವು. ಮೂಲದ ಹೆಸರು, ಭಾಷೆ, ಧರ್ಮ ಮೂರೂ ಕಳೆದುಹೋದದ್ದು ಹೆಚ್ಚಾಗಿ ಇಂಥವರಲ್ಲಿ. ಅಂದು ಅವರ ಜವಾಬ್ದಾರಿ ಹೊತ್ತ ಸಂಸ್ಥೆ ಇಂದು ವರ್ಲ್ಡ್ ಜ್ಯೂಯಿಷ್ ರಿಲೀಫ್ ಎಂಬ ಹೆಸರಿನಲ್ಲಿದೆ, ಉಳಿದಿರುವ ಕಡತಗಳ ಪ್ರತಿಯನ್ನು ವಂಶಸ್ಥರಿಗೆ ಕೊಡುತ್ತದೆ.

ಅಮೆರಿಕಕ್ಕೆ ಬಂದವರಾದರೆ ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ. 'ರಾಷ್ಟ್ರೀಯತೆ' ಅಂಕಣದ ಪಕ್ಕದಲ್ಲಿ 'ಜನಾಂಗ' ಅಂಕಣವಿದ್ದು, ಆ ಕಾಲದಲ್ಲಿ ಅದರಲ್ಲಿ 'ಹೀಬ್ರೂ' ಎಂದು ಬರೆಯುತ್ತಿದ್ದರು. ಶಾಂಘೈ ದಾರಿಯನ್ನೂ ಮರೆಯಬೇಡಿ: ವೀಸಾ ಇಲ್ಲದೆ ಇಳಿಯಬಹುದಾಗಿದ್ದ ಆ ಬಂದರಿಗೆ ಹದಿನೇಳು ಸಾವಿರಕ್ಕೂ ಹೆಚ್ಚು ಯಹೂದಿಗಳು ಬಂದಿದ್ದರು.

ನಾಲ್ಕನೆಯ ಹೆಜ್ಜೆ: ಹಿಂಸಿಸಿದವರ ಲೆಕ್ಕಪುಸ್ತಕ

ಇಲ್ಲಿಂದ ಮುಂದಿನ ಓದು ಗಟ್ಟಿ ಮನಸ್ಸಿನವರಿಗೂ ಕಷ್ಟ. 1939ರ ಮೇ 17ರ ಜನಗಣತಿಯಲ್ಲಿ ಜರ್ಮನ್ ಸರ್ಕಾರ ಒಂದು ಹೆಚ್ಚುವರಿ ಕಾರ್ಡನ್ನು ಹಂಚಿ, ಪ್ರತಿಯೊಬ್ಬರ ನಾಲ್ವರು ಅಜ್ಜ ಅಜ್ಜಿಯರಲ್ಲಿ ಯಾರು ಯಾರು ಯಹೂದಿಗಳು ಎಂದು ಕೇಳಿತ್ತು. ಇಂದಿನ ಮೊಮ್ಮಗಳಿಗೆ ಬೇಕಾಗಿರುವುದೂ ಅದೇ ವಿವರ. ಈ ಗಣತಿಯ ಮಾಹಿತಿಯನ್ನು 'ಮ್ಯಾಪಿಂಗ್ ದಿ ಲೈವ್ಸ್' ಎಂಬ ಜಾಲತಾಣದಲ್ಲಿ ಹೆಸರಿನಿಂದಲೂ ವಿಳಾಸದಿಂದಲೂ ಹುಡುಕಬಹುದು. ಆ ದಿನದೊಳಗೆ ದೇಶ ಬಿಟ್ಟವರು ಅದರಲ್ಲಿರುವುದಿಲ್ಲ, ಆದರೆ ಹಿಂದೆ ಉಳಿದ ತಂದೆತಾಯಿ ಇರಬಹುದು.

ಎರಡನೆಯದು ಹಣಕಾಸು ಕಚೇರಿಗಳ ಕಡತಗಳು. ದೇಶ ಬಿಡುವವರಲ್ಲಿ ಆಸ್ತಿವಂತರು ಆಸ್ತಿಯ ಕಾಲುಭಾಗವನ್ನು ತೆರಿಗೆಯಾಗಿ ಕಟ್ಟಬೇಕಿತ್ತು. 1938ರ ಏಪ್ರಿಲ್‌ನ ಆದೇಶದಿಂದ 5,000 ರೈಷ್‌ಮಾರ್ಕ್ ಮೀರಿದ ಆಸ್ತಿಯನ್ನು ಘೋಷಿಸಲೂ ಬೇಕಿತ್ತು. ಜೊತೆಗೆ ಒಯ್ಯುವ ಸಾಮಾನಿನ ಪಟ್ಟಿಯನ್ನು ಚಮಚ, ದಿಂಬಿನ ಗವಸು, ಮಗುವಿನ ಕಾಲುಚೀಲಗಳವರೆಗೆ ಬರೆದು, ಯಾವುದು 1933ಕ್ಕೆ ಮೊದಲು ಕೊಂಡದ್ದು, ಯಾವುದು ಆಮೇಲಿನದು, ಯಾವುದು ಪ್ರಯಾಣಕ್ಕೆಂದೇ ಕೊಂಡದ್ದು ಎಂದು ವಿಂಗಡಿಸಿ ಕೊಡಬೇಕಿತ್ತು. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್ ಪ್ರದೇಶದ ಇಂಥ ಕಡತಗಳು ಪೋಟ್ಸ್‌ಡಾಮ್‌ನ ರಾಜ್ಯ ಪತ್ರಾಗಾರದಲ್ಲಿವೆ, ವಿಯೆನ್ನಾದ ಆಸ್ತಿ ಘೋಷಣೆಗಳು ಆಸ್ಟ್ರಿಯಾದ ರಾಜ್ಯ ಪತ್ರಾಗಾರದಲ್ಲಿವೆ. ಮನೆಯಲ್ಲಿ ಈಗಲೂ ಇರುವ ಒಂದು ಬೆಳ್ಳಿ ಚಮಚ ಆ ಪಟ್ಟಿಯಲ್ಲಿ ಕಾಣಿಸಿಕೊಂಡರೆ, ಇದೇ ನಮ್ಮ ಕುಟುಂಬ ಎನ್ನಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಜನನ ದಾಖಲೆಗೆ ಬಂದರೆ, ಜರ್ಮನಿಯಲ್ಲಿ ಜನನ ನೋಂದಣಿಗೆ 110 ವರ್ಷ ತುಂಬುವವರೆಗೆ ಅದು ಪುರಸಭೆಯ ನೋಂದಣಿ ಕಚೇರಿಯಲ್ಲಿರುತ್ತದೆ. ನೇರ ವಂಶಸ್ಥರು ಸಂಬಂಧವನ್ನು ಸಾಬೀತುಪಡಿಸಿದರೆ ಅದಕ್ಕೆ ಮೊದಲೇ ಸಿಗುತ್ತದೆ. ಪ್ರತಿ ಕೇಳುವಾಗ ಬೆರಳಚ್ಚಿಸಿದ ಪ್ರಮಾಣಪತ್ರ ಬೇಡ, ಅಂಚಿನ ಟಿಪ್ಪಣಿಗಳ ಸಮೇತ ಮೂಲ ಪುಟದ ಪ್ರತಿ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ವಿಯೆನ್ನಾದವರ ಜನನ, ವಿವಾಹ, ಮರಣ ಪುಸ್ತಕಗಳನ್ನು ಅಲ್ಲಿನ ಯಹೂದಿ ಸಮುದಾಯ ಸಂಸ್ಥೆಯೇ ಇಟ್ಟುಕೊಂಡಿದೆ. ಚೆಕ್ ಪ್ರದೇಶದ ಯಹೂದಿ ನೋಂದಣಿ ಪುಸ್ತಕಗಳು ಪ್ರಾಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿದ್ದು, ಬಹಳಷ್ಟನ್ನು ಮನೆಯಲ್ಲೇ ಕುಳಿತು ನೋಡಬಹುದು.

ಐದನೆಯ ಹೆಜ್ಜೆ: ಅವರೇ ಬರೆದದ್ದು

ನನ್ನ ಮಟ್ಟಿಗೆ ಇಡೀ ಹುಡುಕಾಟದ ತಿರುಳು ಪರಿಹಾರದ ಕಡತದಲ್ಲಿದೆ, ಮತ್ತು ಹೊಸಬರಲ್ಲಿ ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. 1950ರ ದಶಕದಲ್ಲಿ ಪಶ್ಚಿಮ ಜರ್ಮನಿ ನಾಜಿಗಳಿಂದ ಹಿಂಸೆಗೊಳಗಾದವರಿಗೆ ಪರಿಹಾರ ಕೊಡುವ ಕಾನೂನು ಮಾಡಿದಾಗ ಅರ್ಜಿದಾರರು ತಮ್ಮ ಜೀವನವೃತ್ತಾಂತವನ್ನು ಬರೆದುಕೊಡಬೇಕಾಗಿತ್ತು: ಯಾವ ಶಾಲೆಯಿಂದ ಹೊರಹಾಕಿದರು, ಯಾವ ಕೆಲಸ ಕಳೆದುಕೊಂಡರು, ಯಾವಾಗ ಬಂಧನವಾಯಿತು, ಯಾವ ಹಡಗಿನಲ್ಲಿ ಹೋದರು, ಯಾರು ಹಿಂದೆ ಉಳಿದರು. ಹೆಂಡತಿ ಮಕ್ಕಳ ಮುಂದೆ ಜೀವಮಾನವಿಡೀ ಬಾಯಿ ತೆರೆಯದವರು ಒಬ್ಬ ಗುಮಾಸ್ತನ ಮುಂದೆ, ವಿಧಿಯಿಲ್ಲದೆ, ಎಲ್ಲವನ್ನೂ ಹೇಳಿಕೊಂಡಿದ್ದಾರೆ. ಸಾಕ್ಷಿಯಾಗಿ ಸಹಿ ಹಾಕಿದ ನೆಂಟರ ಹೆಸರುಗಳೂ ವಿಳಾಸಗಳೂ ಅದರಲ್ಲಿ ಸಿಗುವುದುಂಟು. ಯಾವ ರಾಜ್ಯದ ಕಚೇರಿಯಲ್ಲಿ ಕಡತವಿದೆ ಎಂದು ಗೊತ್ತಿಲ್ಲದಿದ್ದರೆ ಡ್ಯುಸೆಲ್‌ಡೋರ್ಫ್‌ನ ಜಿಲ್ಲಾಡಳಿತದಲ್ಲಿರುವ ಕೇಂದ್ರ ಕಾರ್ಡು ಸೂಚಿಯನ್ನು ಹುಡುಕಿಸಿ.

ಗೆಳತಿಯ ಅತ್ತೆಯ ಕಡತ ಕೈಗೆ ಬಂದಾಗ ಅದರಲ್ಲಿ ಆರು ಪುಟಗಳ ಬರಹವಿತ್ತು. ನಾಲ್ಕನೆಯ ಪುಟದಲ್ಲಿ ತಂಗಿಯ ಹೆಸರು. ತಂಗಿಯೊಬ್ಬಳಿದ್ದಳು ಎಂಬುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆರನೆಯ ಹೆಜ್ಜೆ: ಹಿಂದೆ ಉಳಿದವರು

ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯ ಹೆಸರುಗಳ ಕೋಶದಲ್ಲಿ ನರಮೇಧದಲ್ಲಿ ಸತ್ತ ನಾಲ್ವತ್ತೆಂಟು ಲಕ್ಷಕ್ಕೂ ಹೆಚ್ಚು ಜನರ ವಿವರಗಳಿವೆ. ಅದರಲ್ಲಿ ಬಂಧುಗಳು 1950ರ ದಶಕದಿಂದ ತುಂಬಿಕೊಟ್ಟ 'ಸಾಕ್ಷ್ಯಪತ್ರ'ಗಳಿದ್ದು, ಸತ್ತವರ ಹೆಸರನ್ನಷ್ಟೇ ನೋಡಿ ಮುಚ್ಚಿಬಿಡಬೇಡಿ. ಪುಟದ ಕೆಳಭಾಗದಲ್ಲಿ ಅದನ್ನು ತುಂಬಿದವರ ಹೆಸರು, ಸಹಿ, ಸಂಬಂಧ, ತಾರೀಖು ಇರುತ್ತವೆ. 1956ರಲ್ಲಿ ಇಸ್ರೇಲಿನ ಹೈಫಾದಿಂದ ಬರೆದವರ ಮೊಮ್ಮಕ್ಕಳು ಇಂದು ನಿಮ್ಮ ಮನೆಯವರ ದಾಯಾದಿಗಳಾಗಿರಬಹುದು. ಜರ್ಮನಿಯ ಬಾಡ್ ಆರೊಲ್ಸೆನ್‌ನಲ್ಲಿರುವ ಆರೊಲ್ಸೆನ್ ಪತ್ರಾಗಾರದಲ್ಲಿ ಶಿಬಿರಗಳ, ಸಾಗಾಟದ ಪಟ್ಟಿಗಳ, ಯುದ್ಧಾನಂತರದ ನಿರಾಶ್ರಿತರ ಕಾಗದಗಳಿದ್ದು, ಸುಮಾರು 1.75 ಕೋಟಿ ಜನರ ಮಾಹಿತಿ ಅಡಗಿದೆ. ದೊಡ್ಡ ಭಾಗ ಜಾಲತಾಣದಲ್ಲೇ ಸಿಗುತ್ತದೆ. ಅರ್ಜಿಗೆ ಶುಲ್ಕವಿಲ್ಲ, ಉತ್ತರಕ್ಕೆ ತಿಂಗಳುಗಳು ಹಿಡಿಯುತ್ತವೆ.

ಕುಟುಂಬ ಭಾರತದ ಮೂಲಕ ಹಾದುಹೋಗಿದ್ದರೆ

ಮುಂಬೈಯಲ್ಲಿ 1934ರಲ್ಲೇ ಯಹೂದಿ ಪರಿಹಾರ ಸಂಘ ಹುಟ್ಟಿಕೊಂಡಿತ್ತು. ಯುದ್ಧ ಆರಂಭವಾದಾಗ ಇಲ್ಲಿಯೂ ಜರ್ಮನ್ ಪಾಸ್‌ಪೋರ್ಟಿನವರನ್ನು ಬಂಧಿಸಿದರು. ದೇವಲಾಲಿ, ಡೆಹ್ರಾಡೂನ್, ಪುರಂದರ, ಸಾತಾರಾಗಳ ಹೆಸರು ಕುಟುಂಬದ ಮಾತಿನಲ್ಲಿ ಸುಳಿದರೆ ಅದು ಪ್ರವಾಸದ ನೆನಪಾಗಿರದೆ ಶಿಬಿರದ ನೆನಪಾಗಿರಬಹುದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ ಪಟಲ' ತಾಣದಲ್ಲಿ ಗೃಹ ಇಲಾಖೆಯ ಕಡತಗಳ ಸೂಚಿಯನ್ನು ಹುಡುಕಿ. ಮೈಸೂರು ಸಂಸ್ಥಾನಕ್ಕೆ ಬಂದವರಲ್ಲಿ ಎಲ್ಲರಿಗೂ ಗೊತ್ತಿರುವವರು ಬರ್ಲಿನ್ನಿನ ಆಟೊ ಕೋನಿಗ್ಸ್‌ಬೆರ್ಗರ್. 1939ರಲ್ಲಿ ಇಲ್ಲಿಯ ಮುಖ್ಯ ವಾಸ್ತುಶಿಲ್ಪಿಯಾದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅದಕ್ಕೂ ಮುಂಚೆ, 1935-36ರಲ್ಲಿ, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದರು. ಇವರ ಮೂಲ ಗುಟ್ಟಾಗಿರಲಿಲ್ಲ. ಸಂಸ್ಥಾನದ ನೌಕರಿಯಲ್ಲಿದ್ದ ಬೇರೆ ಯುರೋಪಿಯನ್ನರ ಬಗ್ಗೆ ಅನುಮಾನವಿದ್ದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಕೇಳಿನೋಡಬಹುದು.

ಡಿಎನ್‌ಎ ಪರೀಕ್ಷೆಯ ಬಗ್ಗೆ ಒಂದೆರಡು ಮಾತು ಸಾಕು. ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜಿ ಯಹೂದಿಗಳು ಶತಮಾನಗಳ ಕಾಲ ತಮ್ಮೊಳಗೇ ಸಂಬಂಧ ಬೆಳೆಸಿದ್ದರಿಂದ ಪರೀಕ್ಷೆಯಲ್ಲಿ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ಕಂಪನಿ 'ಮೂರನೆಯ ದಾಯಾದಿ' ಎಂದದ್ದನ್ನು ಕಾಗದದ ಆಧಾರವಿಲ್ಲದೆ ವಂಶವೃಕ್ಷಕ್ಕೆ ಏರಿಸಬೇಡಿ.

ಸಿಕ್ಕಿದ ಮೇಲೆ

ಸಿಕ್ಕಿದ್ದನ್ನು ಯಾರಿಗೆ ಹೇಳಬೇಕೆಂಬುದನ್ನು ಬದುಕಿರುವ ಹಿರಿಯರೊಂದಿಗೆ ಮಾತಾಡಿಯೇ ತೀರ್ಮಾನಿಸಿ. ಎಂಬತ್ತು ದಾಟಿದ ಮಗಳಿಗೆ ತನ್ನ ತಾಯಿಯ ಗುಟ್ಟನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಓದುವ ಗತಿ ಬರಬಾರದು.

ಜರ್ಮನಿ ತನ್ನ ಮೂಲಭೂತ ಕಾನೂನಿನ 116ನೆಯ ವಿಧಿಯಡಿ, ಆಸ್ಟ್ರಿಯಾ 2020ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಬದಲಾವಣೆಯಡಿ, ನಾಜಿಗಳು ಹೊರದಬ್ಬಿದವರ ವಂಶಸ್ಥರಿಗೆ ಪೌರತ್ವ ಕೊಡುತ್ತವೆ. ಮೇಲೆ ಹೇಳಿದ ದಾಖಲೆಗಳೇ ಅದಕ್ಕೂ ಆಧಾರ. ಭಾರತದ ಪಾಸ್‌ಪೋರ್ಟ್ ಹೊಂದಿರುವ ಮಕ್ಕಳಿದ್ದರೆ ಎಚ್ಚರವಿರಲಿ: ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ 1955ರ ಕಾಯ್ದೆಯ ಪ್ರಕಾರ ಭಾರತದ ಪೌರತ್ವ ಹೋಗುತ್ತದೆ. ಅರ್ಜಿಗೆ ಸಹಿ ಹಾಕುವ ಮುಂಚೆ ವಕೀಲರನ್ನು ಕೇಳಿ.

ಕೆಲವರು ಕೊನೆಗೆ ಅಜ್ಜಿಯ ಹಳೆಯ ಮನೆಯ ಮುಂದೆ ನೆನಪಿನ ಕಲ್ಲು ಹಾಕಿಸುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಈ ಹಿತ್ತಾಳೆ ಹೊದಿಕೆಯ ಕಲ್ಲು ಹತ್ತು ಸೆಂಟಿಮೀಟರ್ ಚೌಕದ್ದು, ಕಾಲುದಾರಿಯ ಕಲ್ಲುಗಳ ನಡುವೆ ಕೂರುತ್ತದೆ. ಸತ್ತವರಿಗಷ್ಟೇ ಅಲ್ಲದೆ ಓಡಿ ಪಾರಾದವರಿಗೂ ಹಾಕುತ್ತಾರೆ. ಮ್ಯೂನಿಕ್ ನಗರದಲ್ಲಿ ಸಾರ್ವಜನಿಕ ಜಾಗದಲ್ಲಿ ಇದಕ್ಕೆ ಅನುಮತಿಯಿಲ್ಲ. ಉಳಿದ ಕಡೆ ಆಯಾ ಊರಿನ ಸ್ವಯಂಸೇವಕ ತಂಡಕ್ಕೆ ಬರೆಯಬೇಕು, ಸರದಿಗಾಗಿ ಕಾಯಬೇಕು. 'ಇಲ್ಲಿ ವಾಸವಾಗಿದ್ದರು' ಎಂಬ ಸಾಲಿನ ಕೆಳಗೆ ಯಾವ ಹೆಸರು ಬರಬೇಕೆಂದು ಅವರು ಕೇಳುತ್ತಾರೆ. ಜನನ ಪುಸ್ತಕದ ಹಾಳೆಯನ್ನು ತೆಗೆದು, ನಡುವೆ ಬರೆದಿರುವುದನ್ನು ಅಕ್ಷರ ತಪ್ಪದಂತೆ ನಕಲು ಮಾಡಿ ಕಳಿಸಿ. ಅಂಚಿನಲ್ಲಿರುವುದನ್ನು ಸೇರಿಸಬೇಡಿ.